ಸುರಂಗ ಯಂತ್ರಕ್ಕೆ ಬೇಕಾದದ್ದು ಸಮಬಲದ ಸುತ್ತು

2024ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ‘ಭದ್ರಾ’ ಎಂಬ ಹೆಸರಿನ ಸುರಂಗ ಕೊರೆಯುವ ಯಂತ್ರ ಬೆಂಗಳೂರಿನ ನಾಗವಾರದಲ್ಲಿ ಗೋಡೆಯನ್ನು ಭೇದಿಸಿ ಹೊರಬಂದಿತು. ಅದರೊಂದಿಗೆ ನಮ್ಮ ಮೆಟ್ರೊ ಎರಡನೇ ಹಂತದ ಕಾಳೇನ ಅಗ್ರಹಾರ–ನಾಗವಾರ ಮಾರ್ಗದ ಜೋಡಿ ಸುರಂಗಗಳ ಕೊರೆತ ಮುಗಿಯಿತು. ಊರ್ಜಾ, ವಿಂಧ್ಯಾ, ಅವನಿ, ಲವಿ, ವರದಾ, ರುದ್ರ, ವಾಮಿಕಾ, ತುಂಗಾ ಮತ್ತು ಭದ್ರಾ ಎಂಬ 9 ಯಂತ್ರಗಳು 2020ರಿಂದ ಆರಂಭಿಸಿ ಒಟ್ಟು 21 ಕಿ.ಮೀ.ಗೆ ತುಸು ಕಡಿಮೆ ಉದ್ದದ ಸುರಂಗ ಕೊರೆದವು. ಪ್ರತಿ ಯಂತ್ರ ಹೊರಬಂದಾಗಲೂ ಪತ್ರಿಕೆಗಳಲ್ಲಿ ಚಿತ್ರ ಬಂತು. ಗಣ್ಯರು ಕೈ ಬೀಸಿದರು, ಕಾರ್ಮಿಕರು ಜಯಕಾರ ಹಾಕಿದರು. ಆದರೆ ಹೊರಬರುವ ಆ ಒಂದು ದಿನಕ್ಕೆ ಮುಂಚಿನ ನೂರಾರು ದಿನಗಳಲ್ಲಿ ಯಂತ್ರ ಭೂಮಿಯೊಳಗೆ ಹೇಗೆ ನಡೆಯಿತು, ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದು ಸುದ್ದಿಯಾಗಲಿಲ್ಲ. ಸಾರ್ವಜನಿಕ ಹಣ ಉಳಿಯುವುದೂ ಪೋಲಾಗುವುದೂ ಆ ದಿನಗಳಲ್ಲಿಯೇ ಎಂಬ ಕಾರಣಕ್ಕೆ ಈ ಲೇಖನ.

ನಾನು ಎಂಜಿನಿಯರ್ ಅಲ್ಲ. ಓದಿದ್ದು ಅರ್ಥಶಾಸ್ತ್ರ, ವೃತ್ತಿಜೀವನ ಕಳೆದದ್ದು ಸರ್ಕಾರದ ಕಚೇರಿಗಳಲ್ಲಿ, ಕಾಮಗಾರಿಗಳ ಅಂದಾಜುಪಟ್ಟಿ, ಟೆಂಡರ್ ತುಲನಾಪಟ್ಟಿ ಮತ್ತು ಅವಧಿ ವಿಸ್ತರಣೆಯ ಕೋರಿಕೆಗಳ ನಡುವೆ. ನಿವೃತ್ತಿಯ ನಂತರ ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರಕ್ಕೆ ಸಮೀಪದ ಮಲಪ್ರಭೆಯ ದಂಡೆಯ ಊರಿನಲ್ಲಿ ನೆಲೆಸಿದ್ದೇನೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯ ಪರಿಸರದಲ್ಲಿ ಕುಳಿತು ಬೆಂಗಳೂರಿನ ಸುರಂಗದ ಚಿಂತೆ ಏಕೆ ಎಂದು ಊರಿನ ಹಿರಿಯರು ಕೇಳುವುದುಂಟು. ನನ್ನ ಉತ್ತರ ಸರಳ. ಸುರಂಗ ಬೆಂಗಳೂರಿನದಾದರೂ ಬೊಕ್ಕಸ ಇಡೀ ರಾಜ್ಯದ್ದು. ಯಂತ್ರ ನಿಂತರೂ ಸಾಲದ ಬಡ್ಡಿ ನಿಲ್ಲುವುದಿಲ್ಲ. ಆ ಬಡ್ಡಿಯ ಒಂದು ಪಾಲು ಬಾದಾಮಿಯ ರೈತನ ಹೆಸರಿನಲ್ಲೂ ಇರುತ್ತದೆ.

ಮೊದಲು ಒಂದು ಸರಳ ಲೆಕ್ಕ. 2020ರ ಆಗಸ್ಟ್‌ನಿಂದ 2024ರ ಅಕ್ಟೋಬರ್‌ವರೆಗೆ ಸುಮಾರು 1,550 ದಿನ. 21 ಕಿ.ಮೀ.ಯನ್ನು ಅಷ್ಟು ದಿನಗಳಿಗೆ ಹಂಚಿದರೆ ದಿನಕ್ಕೆ ಹದಿಮೂರೂವರೆ ಮೀಟರ್. ಅದನ್ನು 9 ಯಂತ್ರಗಳಿಗೆ ಹಂಚಿದರೆ ಯಂತ್ರವೊಂದಕ್ಕೆ ದಿನಕ್ಕೆ ಒಂದೂವರೆ ಮೀಟರ್ ಮಾತ್ರ. ಎಲ್ಲ ಯಂತ್ರಗಳೂ ಎಲ್ಲ ದಿನವೂ ದುಡಿಯಲಿಲ್ಲ ಎಂಬುದು ನಿಜ. ಜೋಡಿಸುವುದು, ಬಿಚ್ಚುವುದು, ಒಂದು ನಿಲ್ದಾಣದಿಂದ ಮತ್ತೊಂದಕ್ಕೆ ಸಾಗಿಸುವುದು ಇವಕ್ಕೆಲ್ಲ ತಿಂಗಳುಗಳು ಬೇಕು. ಮೊದಲ ವರ್ಷಗಳಲ್ಲಿ ಕೋವಿಡ್ ಬೇರೆ ಇತ್ತು. ಆದರೂ ಈ ಸಂಖ್ಯೆ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ. ಹದವಾದ ನೆಲದಲ್ಲಿ ಇಂಥ ಯಂತ್ರ ಒಂದೇ ದಿನದಲ್ಲಿ ಹತ್ತು ಮೀಟರಿಗೂ ಹೆಚ್ಚು ಸಾಗಬಲ್ಲದು. ಅತ್ಯುತ್ತಮ ದಿನಕ್ಕೂ ಒಟ್ಟು ಸರಾಸರಿಗೂ ಇರುವ ಈ ಅಂತರದಲ್ಲಿಯೇ ಸುರಂಗದ ಅರ್ಥಶಾಸ್ತ್ರ ಅಡಗಿದೆ. ಅಂತರವನ್ನು ಕಿರಿದು ಮಾಡುವ ಉಪಾಯಗಳಲ್ಲಿ ಮುಖ್ಯವಾದದ್ದು ಯಂತ್ರದ ಟಾರ್ಕ್ ಅನ್ನು ಏರಿಳಿತವಿಲ್ಲದೆ ಕಾಯ್ದುಕೊಳ್ಳುವುದು.

ಟಾರ್ಕ್ ಎಂದರೆ ತಿರುಗಿಸುವ ಬಲ. ಅದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ನಮ್ಮ ಕಡೆಯ ಹಳೆಯ ಮನೆಗಳ ಬೀಸುವ ಕಲ್ಲು ಸಾಕು. ಗೂಟ ಹಿಡಿದು ಕಲ್ಲನ್ನು ಸುತ್ತಿಸುವಾಗ ತೋಳಿಗೆ ಬೀಳುವ ಭಾರವೇ ಟಾರ್ಕ್. ಬಾಯಿಗೆ ಹಿಡಿ ಹಿಡಿಯಾಗಿ ಜೋಳ ಹಾಕಿದರೆ ಕಲ್ಲು ಒಂದೇ ಲಯದಲ್ಲಿ ಸುತ್ತುತ್ತದೆ, ಹಿಟ್ಟು ಸಣ್ಣಗೆ ಬೀಳುತ್ತದೆ. ಅವಸರದಲ್ಲಿ ಮೂರು ಹಿಡಿ ಒಮ್ಮೆಲೇ ಸುರಿದರೆ ತೋಳು ಸೋಲುತ್ತದೆ, ಬೀಳುವುದು ನುಚ್ಚು. ಕಾಳು ಹಾಕದೆ ಸುತ್ತಿಸಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಕಲ್ಲಿನ ಮೈ ನುಣುಪಾದಾಗ ಬೀಸುವುದನ್ನು ನಿಲ್ಲಿಸಿ, ಉಳಿಯಿಂದ ಕುಟ್ಟಿಸಿ ಒರಟು ಮಾಡಿಸಿಕೊಳ್ಳುವುದು ವಾಡಿಕೆ. ನುಣುಪಾದ ಕಲ್ಲಿನಲ್ಲಿ ಬೀಸುತ್ತಲೇ ಇದ್ದರೆ ಕೆಲಸ ಬೇಗ ಮುಗಿಯುತ್ತದೆಂದು ನಮ್ಮ ತಾಯಂದಿರು ಎಂದೂ ಭಾವಿಸಿರಲಿಲ್ಲ. ಸುರಂಗ ಯಂತ್ರದ ಚಾಲಕ ಅನುಸರಿಸಬೇಕಾದ ನಿಯಮಗಳೂ ಬಹುಮಟ್ಟಿಗೆ ಇವೇ.

ವ್ಯತ್ಯಾಸವಿರುವುದು ಗಾತ್ರದಲ್ಲಿ. ಮೆಟ್ರೊ ಸುರಂಗ ಕೊರೆಯುವ ಯಂತ್ರದ ಮುಂಭಾಗದಲ್ಲಿ ಸುಮಾರು ಆರೂವರೆ ಮೀಟರ್ ವ್ಯಾಸದ ಉಕ್ಕಿನ ಚಕ್ರವಿರುತ್ತದೆ. ಇದನ್ನು ಕಟರ್ ಹೆಡ್ ಎನ್ನುತ್ತಾರೆ. ಗಟ್ಟಿ ಬಂಡೆಗಾಗಿ ಸಜ್ಜುಗೊಂಡ ಕಟರ್ ಹೆಡ್‌ನಲ್ಲಿ ತಟ್ಟೆಯಾಕಾರದ 40ರಷ್ಟು ಡಿಸ್ಕ್ ಕಟರ್‌ಗಳಿರುತ್ತವೆ. ಇಂಥ ತಟ್ಟೆಗಳಿಂದಲೇ ಬಂಡೆಯನ್ನು ಒಡೆಯಬಹುದು ಎಂಬುದನ್ನು ಅಮೆರಿಕದ ಜೇಮ್ಸ್ ರಾಬಿನ್ಸ್ 1956ರಲ್ಲಿ ಕೆನಡಾದ ಟೊರಾಂಟೊ ನಗರದ ಒಳಚರಂಡಿ ಸುರಂಗದಲ್ಲಿ ತೋರಿಸಿಕೊಟ್ಟರು. ಹದಿನೇಳು ಅಂಗುಲದ ಒಂದು ತಟ್ಟೆ ಸುಮಾರು 25 ಟನ್ ಒತ್ತಡವನ್ನು ತಾಳಬಲ್ಲದು. ಯಂತ್ರದ ಹಿಂಭಾಗದ ಜಾಕ್‌ಗಳು ಇಡೀ ಚಕ್ರವನ್ನು ಬಂಡೆಗೆ ಒತ್ತುತ್ತವೆ, ಮೋಟಾರುಗಳು ಅದನ್ನು ನಿಧಾನವಾಗಿ ತಿರುಗಿಸುತ್ತವೆ. ತಟ್ಟೆಗಳು ಉರುಳುತ್ತ ಬಂಡೆಯ ಮೇಲೆ ಗೆರೆ ಎಳೆಯುತ್ತವೆ. ಎರಡು ಗೆರೆಗಳ ನಡುವಿನ ಕಲ್ಲು ಚಕ್ಕೆಯಾಗಿ ಸಿಡಿಯುತ್ತದೆ. ಈ ಗಾತ್ರದ ಯಂತ್ರಗಳ ಟಾರ್ಕ್ ಸಾಮರ್ಥ್ಯ ಸಾಮಾನ್ಯವಾಗಿ ಐದಾರು ಸಾವಿರ ಕಿಲೋನ್ಯೂಟನ್ ಮೀಟರ್. ಅಂದರೆ ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ ಐನೂರು ಟನ್ನಿಗೂ ಹೆಚ್ಚು ಭಾರ ತೂಗುಬಿಟ್ಟಷ್ಟು.

ಇಷ್ಟು ಬಲದಿಂದ ಗಟ್ಟಿ ಗ್ರಾನೈಟ್‌ನಲ್ಲಿ ಸಿಗುವ ಪ್ರಗತಿ ಸುತ್ತಿಗೆ ಕೆಲವೇ ಮಿಲಿಮೀಟರ್. ಉದಾಹರಣೆಗೆ ಸುತ್ತಿಗೆ 5 ಮಿ.ಮೀ.ನಂತೆ ನಿಮಿಷಕ್ಕೆ ಮೂರು ಸುತ್ತು ತಿರುಗಿದರೆ ಗಂಟೆಗೆ 90 ಸೆಂ.ಮೀ. ಸಾಗಬಹುದು. ಹೆಚ್ಚು ಒತ್ತಿದರೆ ತಟ್ಟೆ ಆಳಕ್ಕೆ ಇಳಿಯುತ್ತದೆ, ಅದರೊಂದಿಗೆ ಟಾರ್ಕ್ ಏರುತ್ತದೆ. ಮೋಟಾರಿನ ಶಕ್ತಿಗೆ ಮಿತಿ ಇರುವುದರಿಂದ ಟಾರ್ಕ್ ಒಂದು ಹಂತ ಮೀರಿದ ಮೇಲೆ ಸುತ್ತಿನ ವೇಗ ಇಳಿಸಲೇಬೇಕು. ಇನ್ನೂ ಮೀರಿದರೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಒತ್ತುವ ಬಲ, ತಿರುಗುವ ಬಲ, ಸುತ್ತಿನ ವೇಗ ಈ ಮೂರನ್ನೂ ಹದದಲ್ಲಿ ಇಟ್ಟುಕೊಂಡವನೇ ನುರಿತ ಚಾಲಕ.

ನೆಲವೆಲ್ಲ ಒಂದೇ ಬಗೆಯದಾಗಿದ್ದರೆ ಈ ಹದ ಕಷ್ಟವೇನಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯನ್ನೇ ನೋಡಿ. ಬಾದಾಮಿಯ ಗುಡ್ಡಗಳದ್ದು ಪದರ ಪದರವಾದ ಮರಳುಗಲ್ಲು. ಆ ಕಲ್ಲಿನ ಗುಣ ಅರಿತೇ ಚಾಲುಕ್ಯರ ಶಿಲ್ಪಿಗಳು ಅದನ್ನು ಕೊರೆದರು. ಅಲ್ಲಿನ ಮೂರನೇ ಗುಹೆಯ ಶಾಸನದ ಕಾಲ ಕ್ರಿ.ಶ. 578. ಅದೇ ಜಿಲ್ಲೆಯ ಇಳಕಲ್ಲಿನದ್ದು ದೇಶವಿದೇಶಗಳಿಗೆ ಹೋಗುವ ಕೆಂಪು ಗ್ರಾನೈಟ್. ಅದರ ಮುಂದೆ ಮರಳುಗಲ್ಲಿನ ಉಳಿ ನಿಲ್ಲದು. ಇಲ್ಲಿ ಮೆದು ಕಲ್ಲಿಗೂ ಗಟ್ಟಿ ಕಲ್ಲಿಗೂ ನಡುವೆ ಹತ್ತಾರು ಮೈಲಿ ದೂರವಿದೆ. ಬೆಂಗಳೂರಿನ ನೆಲದಡಿ ಅಂಥ ಅಂತರ ಕೆಲವೊಮ್ಮೆ ಆರೂವರೆ ಮೀಟರಿನೊಳಗೇ ಇರುತ್ತದೆ. ಲಾಲ್‌ಬಾಗ್‌ನಲ್ಲಿ ತಲೆ ಎತ್ತಿ ನಿಂತಿರುವ ಬಂಡೆಯನ್ನು ಎಲ್ಲರೂ ಕಂಡಿದ್ದಾರೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ನೈಸ್ ಶಿಲೆಯೇ ನಗರದ ಬುನಾದಿ. ಯುಗಯುಗಗಳಿಂದ ನೀರು ಅದನ್ನು ಅಸಮವಾಗಿ ಕೊಳೆಸಿದೆ: ಒಂದೆಡೆ ಮಣ್ಣು, ಪಕ್ಕದಲ್ಲಿ ಅರೆಬೆಂದ ಕಲ್ಲು, ಮಣ್ಣಿನ ನಡುವೆ ಹುದುಗಿದ ಗುಂಡುಬಂಡೆ, ಅಡಿಯಲ್ಲಿ ಹೆಬ್ಬಂಡೆ.

ಚಕ್ರದ ಮೇಲ್ಭಾಗ ಮಣ್ಣಿನಲ್ಲಿ, ಕೆಳಭಾಗ ಬಂಡೆಯಲ್ಲಿ ಇದ್ದಾಗ ಏನಾಗುತ್ತದೆ? ಪ್ರತಿ ತಟ್ಟೆಯೂ ಪ್ರತಿ ಸುತ್ತಿನಲ್ಲಿ ಮೆದು ಮಣ್ಣಿನಿಂದ ಬಂದು ಬಂಡೆಯ ಅಂಚಿಗೆ ಅಪ್ಪಳಿಸುತ್ತದೆ. ಟಾರ್ಕ್ ಮೇಲಕ್ಕೂ ಕೆಳಕ್ಕೂ ಜಿಗಿಯುತ್ತದೆ. ಹೊಡೆತಕ್ಕೆ ತಟ್ಟೆಯ ಬೇರಿಂಗ್ ಕೆಟ್ಟರೆ ಅದು ಉರುಳುವುದನ್ನು ನಿಲ್ಲಿಸುತ್ತದೆ. ಒಂದೇ ಬದಿ ಸವೆದು ಚಪ್ಪಟೆಯಾಗುತ್ತದೆ. ಅದರ ಪಾಲಿನ ಕೆಲಸ ಪಕ್ಕದ ತಟ್ಟೆಯ ಮೇಲೆ ಬೀಳುತ್ತದೆ, ಅದೂ ಕೆಡುತ್ತದೆ. ಹೀಗೆ ಒಂದರ ಕೇಡು ಸರಣಿಯಾಗಿ ಹಬ್ಬಿ, ಕೊನೆಗೆ ಉಕ್ಕಿನ ಚಕ್ರವೇ ಬಂಡೆಗೆ ಉಜ್ಜಿ ತೇಯತೊಡಗುತ್ತದೆ. ಮೇಲ್ಭಾಗದ ಸಡಿಲ ಮಣ್ಣಿನ ಸಮಸ್ಯೆ ಬೇರೆ. ಕೆಳಗಿನ ಬಂಡೆ ಒಡೆಯುವವರೆಗೆ ಯಂತ್ರ ಸುತ್ತುತ್ತಲೇ ಇರಬೇಕಾಗುತ್ತದೆ. ಆ ಹೊತ್ತಿನಲ್ಲಿ ಮೇಲಿನ ಮಣ್ಣು ಲೆಕ್ಕಕ್ಕಿಂತ ಹೆಚ್ಚಾಗಿ ಒಳಗೆ ಜಾರಿದರೆ ರಸ್ತೆ ಕುಸಿಯುವ, ಮನೆಯ ಗೋಡೆ ಬಿರುಕು ಬಿಡುವ ಅಪಾಯವಿದೆ. ಎಲ್ಲೋ ಮುಚ್ಚಿಹೋದ ಹಳೆಯ ಬಾವಿಯಿದ್ದರೆ ಅಪಾಯ ಇಮ್ಮಡಿ. ಟಾರ್ಕ್‌ನ ಏರಿಳಿತ, ಹೀಗೆ, ಯಂತ್ರದ ಆರೋಗ್ಯಕ್ಕೂ ಮೇಲೆ ವಾಸಿಸುವವರ ಕ್ಷೇಮಕ್ಕೂ ಸಂಬಂಧಿಸಿದ ವಿಷಯ.

ಮೆಟ್ರೊ ಮೊದಲ ಹಂತದ ಅನುಭವ ಇದಕ್ಕೆ ಸಾಕ್ಷಿ. ಚಿಕ್ಕಪೇಟೆಯಿಂದ ಮೆಜೆಸ್ಟಿಕ್ ಕಡೆಗೆ ಹೊರಟ ‘ಗೋದಾವರಿ’ ಯಂತ್ರ ಕಟರ್ ಹೆಡ್ ಹಾನಿಗೊಂಡು ತಿಂಗಳುಗಟ್ಟಲೆ ನೆಲದೊಳಗೆ ನಿಂತಿತು. ಮೇಲೆ ನಗರದ ಅತಿ ಜನನಿಬಿಡ ವ್ಯಾಪಾರ ಕೇಂದ್ರ. ದುರಸ್ತಿಗೊಂಡು ಅದು ಹೊರಬರುವ ಹೊತ್ತಿಗೆ 2016 ಬಂದಿತ್ತು. ಪೂರ್ವ–ಪಶ್ಚಿಮ ಸುರಂಗ ಮಾರ್ಗ 2016ರ ಏಪ್ರಿಲ್‌ನಲ್ಲಿ ಜನರಿಗೆ ಸಿಕ್ಕಿತು. ಉತ್ತರ–ದಕ್ಷಿಣ ಮಾರ್ಗಕ್ಕಾಗಿ 2017ರ ಜೂನ್‌ವರೆಗೆ ಕಾಯಬೇಕಾಯಿತು. ತಡವಾದ ಪ್ರತಿ ತಿಂಗಳಿಗೂ ಟಿಕೆಟ್ ಆದಾಯ ತಪ್ಪುತ್ತದೆ, ಬಡ್ಡಿ ಏರುತ್ತದೆ, ಲಕ್ಷಾಂತರ ಜನ ರಸ್ತೆಯಲ್ಲಿ ಕಳೆದುಕೊಳ್ಳುವ ಸಮಯ ಯಾವ ಲೆಕ್ಕಪತ್ರದಲ್ಲೂ ಸೇರುವುದಿಲ್ಲ.

ಹಾಗಾದರೆ ಟಾರ್ಕ್ ಅನ್ನು ಸಮವಾಗಿ ಇಡುವುದು ಹೇಗೆ? ಬಲ್ಲವರಿಂದ ತಿಳಿದದ್ದನ್ನೂ ಓದಿದ್ದನ್ನೂ ಸಂಗ್ರಹಿಸಿ ಹೇಳುವುದಾದರೆ, ಮಾರ್ಗಗಳು ನಾಲ್ಕು. ಮೊದಲನೆಯದು, ನೆಲ ಬದಲಾಗುವ ಮುನ್ನವೇ ಒತ್ತುವ ಬಲವನ್ನೂ ಸುತ್ತಿನ ವೇಗವನ್ನೂ ಇಳಿಸುವುದು. ಟಾರ್ಕ್ ಜಿಗಿದ ಮೇಲೆ ಇಳಿಸಿದರೆ ಹೊಡೆತ ಆಗಲೇ ಬಿದ್ದಿರುತ್ತದೆ. ಎರಡನೆಯದು, ಕೊರೆದ ಮಣ್ಣನ್ನು ಹದಗೊಳಿಸುವುದು. ಮಣ್ಣಿನ ಒತ್ತಡದಿಂದಲೇ ಸುರಂಗದ ಮುಖವನ್ನು ತಡೆದು ನಿಲ್ಲಿಸುವ ಯಂತ್ರಗಳಲ್ಲಿ ನೊರೆ ಅಥವಾ ಬೆಂಟೊನೈಟ್ ಜೇಡಿ ಬೆರೆಸುತ್ತಾರೆ. ಅಂಟುಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಅರ್ಧ ಬಲ ಅದನ್ನು ಕಲಕುವುದಕ್ಕೇ ಹೋದೀತು. ಮೂರನೆಯದು, ಒಳಬರುವ ಮಣ್ಣು ಮತ್ತು ಹೊರಹೋಗುವ ಮಣ್ಣಿನ ಪ್ರಮಾಣವನ್ನು ಸರಿತೂಗಿಸುವುದು. ನಾಲ್ಕನೆಯದು, ತಟ್ಟೆಗಳನ್ನು ಕೆಡುವ ಮುನ್ನವೇ, ನೆಲ ಗಟ್ಟಿಯಿರುವ ಜಾಗ ನೋಡಿ, ಯಂತ್ರ ನಿಲ್ಲಿಸಿ ಬದಲಾಯಿಸುವುದು. ಸಡಿಲ ನೆಲದಲ್ಲಿ ಈ ಕೆಲಸಕ್ಕೆ ಕಾರ್ಮಿಕರು ಒತ್ತಡದ ಗಾಳಿ ತುಂಬಿದ ಕೋಣೆಯೊಳಗೆ ಹೋಗಬೇಕಾಗುತ್ತದೆ. ಅದು ಜೀವಕ್ಕೆ ಸಂಬಂಧಿಸಿದ ಕೆಲಸ, ಅವಸರ ಸಲ್ಲದು.

ಗಮನಿಸಬೇಕಾದ ಸಂಗತಿಯೆಂದರೆ, ಈ ನಾಲ್ಕರಲ್ಲಿ ಎರಡು ಕ್ರಮಗಳು ಅಂದಿನ ಮಟ್ಟಿಗೆ ಪ್ರಗತಿಯನ್ನು ಕಡಿಮೆ ಮಾಡುತ್ತವೆ. ಚಾಲಕ ನಿಧಾನಿಸಿದ ದಿನ, ತಟ್ಟೆ ಬದಲಾಯಿಸಿದ ದಿನ ವರದಿಯಲ್ಲಿ ಮೀಟರ್ ಕಡಿಮೆ ಕಾಣುತ್ತದೆ. ಇಲ್ಲಿಯೇ ಎಂಜಿನಿಯರಿಂಗ್ ಮುಗಿದು ಆಡಳಿತದ ಪ್ರಶ್ನೆ ಆರಂಭವಾಗುತ್ತದೆ. ಮೇಲಿನವರು ಪ್ರತಿದಿನ ಕೇಳುವ ಒಂದೇ ಪ್ರಶ್ನೆ ‘ಇಂದು ಎಷ್ಟು ಮೀಟರ್?’ ಎಂಬುದಾದರೆ, ಕೆಳಗಿನವರು ಆ ಪ್ರಶ್ನೆಗೆ ಚೆನ್ನಾಗಿ ಕಾಣುವ ಉತ್ತರವನ್ನೇ ಉತ್ಪಾದಿಸುತ್ತಾರೆ. ತಟ್ಟೆ ಬದಲಾವಣೆ ನಾಳೆಗೆ ಹೋಗುತ್ತದೆ, ನಾಳಿನದು ನಾಡಿದ್ದಿಗೆ. ತಿಂಗಳ ಕೊನೆಯ ಪರಿಶೀಲನಾ ಸಭೆಯಲ್ಲಿ ಪ್ರಗತಿ ಶ್ಲಾಘನೆ ಪಡೆಯುತ್ತದೆ. ಮುಂದಿನ ತಿಂಗಳು ಯಂತ್ರ ನಿಲ್ಲುತ್ತದೆ. ದಿನಕ್ಕೆ 5 ಮೀಟರಿನಂತೆ 60 ದಿನ ತಪ್ಪದೆ ಸಾಗಿದ ಯಂತ್ರ 300 ಮೀಟರ್ ಕೊರೆಯುತ್ತದೆ. ದಿನಕ್ಕೆ 10 ಮೀಟರಿನಂತೆ 20 ದಿನ ಓಡಿ 40 ದಿನ ದುರಸ್ತಿಗೆ ನಿಂತ ಯಂತ್ರ ಕೊರೆಯುವುದು 200 ಮೀಟರ್, ಅದರ ಮೇಲೆ ದುರಸ್ತಿಯ ಖರ್ಚು. ಅಂಕಗಣಿತ ಇಷ್ಟು ಸುಲಭ. ಆದರೆ ನಮ್ಮ ಪರಿಶೀಲನಾ ನಮೂನೆಗಳಲ್ಲಿ ಮೊದಲ ಯಂತ್ರ ಮಂದಗತಿಯದೆಂದು, ಎರಡನೆಯದು ದುರದೃಷ್ಟದ್ದೆಂದು ದಾಖಲಾಗುತ್ತದೆ.

ಎರಡನೇ ಆಡಳಿತಾತ್ಮಕ ಪ್ರಶ್ನೆ ಕರಾರಿನದು. ನೆಲ ನಿರೀಕ್ಷೆಗಿಂತ ಕಠಿಣವಾಗಿದ್ದರೆ ಅದರ ನಷ್ಟ ಯಾರಿಗೆ? ಗುತ್ತಿಗೆದಾರನಿಗೇ ಎಂದು ಬರೆದುಬಿಟ್ಟರೆ ಸರ್ಕಾರ ಸುರಕ್ಷಿತ ಎಂಬ ಭಾವನೆ ಕಚೇರಿಗಳಲ್ಲಿ ಬಲವಾಗಿದೆ. ವಾಸ್ತವದಲ್ಲಿ ಹಾಗಾಗುವುದಿಲ್ಲ. ಕಡಿಮೆ ದರ ನಮೂದಿಸಿ ಕೆಲಸ ಪಡೆದವನು ಕಠಿಣ ನೆಲ ಎದುರಾದಾಗ ಒಂದೋ ಯಂತ್ರವನ್ನು ಮಿತಿಮೀರಿ ದುಡಿಸುತ್ತಾನೆ, ಇಲ್ಲವೇ ವ್ಯಾಜ್ಯ ಹೂಡುತ್ತಾನೆ. ಎರಡೂ ಸಂದರ್ಭಗಳಲ್ಲಿ ತಡವಾಗುವುದು ಸಾರ್ವಜನಿಕರಿಗೆ. ಅಂತರರಾಷ್ಟ್ರೀಯ ಸುರಂಗ ಸಂಘಟನೆಯೊಂದಿಗೆ ಸೇರಿ ‘ಫಿಡಿಕ್’ ಸಂಸ್ಥೆ 2019ರಲ್ಲಿ ಹೊರತಂದ, ಪಚ್ಚೆ ಬಣ್ಣದ ಹೊದಿಕೆಯಿಂದ ಹೆಸರಾದ ಮಾದರಿ ಕರಾರು ಇದಕ್ಕೊಂದು ಪರಿಹಾರ ಸೂಚಿಸಿದೆ. ಅದರಂತೆ ನೆಲ ಹೀಗಿರಬಹುದೆಂಬ ಆಧಾರ ವರದಿಯನ್ನು ಕರಾರಿನ ಭಾಗವಾಗಿಯೇ ಮಾಡಲಾಗುತ್ತದೆ. ನೆಲ ಆ ವರದಿಗಿಂತ ಬೇರೆಯಾಗಿದ್ದರೆ ಹೊಣೆ ಮಾಲೀಕನದು, ಅವಧಿ ಅದಕ್ಕೆ ತಕ್ಕಂತೆ ಹೊಂದಾಣಿಕೆಯಾಗುತ್ತದೆ. ವರದಿಯಂತೆಯೇ ಇರುವ ನೆಲದಲ್ಲಿ ಕೆಲಸ ಹದಗೆಟ್ಟರೆ ಹೊಣೆ ಗುತ್ತಿಗೆದಾರನದು. ನಮ್ಮಲ್ಲಿ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆಗಾಗಿ 1999ರ ಕಾಯ್ದೆ ಇದೆ. ಟೆಂಡರಿನ ಲಕೋಟೆಗಳಿಗೆ ತಂದ ಪಾರದರ್ಶಕತೆಯನ್ನು ನೆಲದ ಮಾಹಿತಿಗೂ ತರುವುದು ಇನ್ನು ಮುಂದಿನ ಹೆಜ್ಜೆಯಾಗಬೇಕು.

ಹೊರಗಿನ ಒಂದು ದೃಷ್ಟಾಂತ ಇಲ್ಲಿ ಉಪಯುಕ್ತ. ಅಮೆರಿಕದ ಸಿಯಾಟಲ್ ನಗರದ ರಸ್ತೆ ಸುರಂಗಕ್ಕಾಗಿ ಹದಿನೇಳೂವರೆ ಮೀಟರ್ ವ್ಯಾಸದ ‘ಬರ್ತಾ’ ಎಂಬ ಯಂತ್ರ ತರಲಾಯಿತು. 2013ರ ಡಿಸೆಂಬರ್‌ನಲ್ಲಿ ಅದು ಉಕ್ಕಿನ ಕೊಳವೆಯೊಂದಕ್ಕೆ ತಾಗಿದ ಕೆಲವೇ ದಿನಗಳಲ್ಲಿ ಕಾವೇರಿ ನಿಂತಿತು. ಮುಖ್ಯ ಬೇರಿಂಗ್‌ನ ಸೀಲುಗಳು ಹಾನಿಗೊಂಡಿದ್ದವು. ಅಂತರ್ಜಲ ಪರೀಕ್ಷೆಗಾಗಿ ಹಿಂದೆ ಸರ್ಕಾರವೇ ಇಳಿಸಿದ್ದ ಕೊಳವೆ ಅದು. ಯಂತ್ರದ ತಲೆಯನ್ನು ಮೇಲೆತ್ತಿ ದುರಸ್ತಿ ಮಾಡಲು ಆಳವಾದ ಗುಂಡಿ ತೋಡಬೇಕಾಯಿತು. ಸುಮಾರು ಎರಡು ವರ್ಷಗಳ ನಂತರ ಕೊರೆತ ಪುನರಾರಂಭವಾಯಿತು. ರಸ್ತೆ ತೆರೆದದ್ದು 2019ರಲ್ಲಿ. ತಪ್ಪು ಕೊಳವೆಯದೋ ಯಂತ್ರದ್ದೋ ಎಂಬ ವ್ಯಾಜ್ಯ ನ್ಯಾಯಾಲಯದಲ್ಲಿ ನಡೆದು, ಅದೇ ವರ್ಷ ತೀರ್ಪುಗಾರರು ಗುತ್ತಿಗೆದಾರರ ವಿರುದ್ಧ ನಿರ್ಧರಿಸಿದರು. ಸರ್ಕಾರ ಗೆದ್ದಿತು ನಿಜ, ಕಳೆದುಹೋದ ವರ್ಷಗಳು ಮರಳಲಿಲ್ಲ.

ನಮಗೆ ಹತ್ತಿರದ ದೃಷ್ಟಾಂತ ಇನ್ನೂ ದಾರುಣ. ನಮ್ಮ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಆ ನೀರು ಕೆಳಗೆ ಶ್ರೀಶೈಲದ ಜಲಾಶಯ ತಲುಪುತ್ತದೆ. ಅಲ್ಲಿಂದ ತೆಲಂಗಾಣದ ಜಮೀನುಗಳಿಗೆ ನೀರೊಯ್ಯಲು ಕೊರೆಯುತ್ತಿದ್ದ ಎಡದಂಡೆ ಸುರಂಗ 2025ರ ಫೆಬ್ರುವರಿ 22ರಂದು ಕುಸಿದು, ನೀರು ಮತ್ತು ಕೆಸರು ನುಗ್ಗಿ, ಎಂಟು ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಕೇಡು ಟಾರ್ಕ್‌ನಿಂದ ಬಂದದ್ದಲ್ಲ, ಸಡಿಲವಾದ ಮೇಲ್ಛಾವಣಿಯಿಂದ. ಆದರೆ ಪಾಠ ಒಂದೇ: ಮುಂದಿನ ನೆಲ ಎಂಥದೆಂದು ತಿಳಿಯದೆ ಹೋಗುವ ಯಂತ್ರದಲ್ಲಿ ಮನುಷ್ಯರೂ ಇರುತ್ತಾರೆ.

ಈ ಪಾಠಗಳು ಈಗ ಏಕೆ ಮುಖ್ಯವೆಂದರೆ, ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಉದ್ದದ ಜೋಡಿ ಸುರಂಗ ರಸ್ತೆಗೆ 2025ರಲ್ಲಿ ಟೆಂಡರ್ ಕರೆಯಲಾಯಿತು. ಆ ರಸ್ತೆ ಬೇಕೇ, ಆ ಹಣ ಬಸ್ಸು ರೈಲುಗಳಿಗೆ ಹೋಗಬೇಕೇ, ಲಾಲ್‌ಬಾಗ್ ಪರಿಸರದ ಗತಿಯೇನು ಎಂಬ ಚರ್ಚೆಗಳು ನಡೆದಿವೆ, ನಡೆಯಬೇಕು. ನನ್ನ ಮಾತು ಅದಕ್ಕಿಂತ ಸೀಮಿತ. ಹಲವು ಪಥಗಳ ರಸ್ತೆಗೆ ಮೆಟ್ರೊ ಯಂತ್ರದ ಎರಡರಷ್ಟು, ಅದಕ್ಕೂ ಮೀರಿದ ವ್ಯಾಸದ ಯಂತ್ರ ಬೇಕಾಗುತ್ತದೆ. ವ್ಯಾಸ ಎರಡು ಪಟ್ಟಾದರೆ ಮುಖದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಬೇಕಾಗುವ ಟಾರ್ಕ್ ಎಂಜಿನಿಯರರ ಸ್ಥೂಲ ಸೂತ್ರದ ಪ್ರಕಾರ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಎಂಟು ಪಟ್ಟು. ಮುಖ ದೊಡ್ಡದಾದಷ್ಟೂ ಅದರಲ್ಲಿ ಮಣ್ಣು, ಬಂಡೆ ಎರಡೂ ಒಟ್ಟಿಗೆ ಸಿಗುವ ಸಂಭವ ಹೆಚ್ಚು. ಚಿಕ್ಕಪೇಟೆಯಡಿ ಚಿಕ್ಕ ಯಂತ್ರ ಕಂಡ ಕಷ್ಟವನ್ನು ಎಂಟು ಪಟ್ಟು ಬಲದ ಯಂತ್ರ ಕಂಡರೆ ಅದರ ವೆಚ್ಚವನ್ನು ಯಾವ ಆಯವ್ಯಯವೂ ಮೊದಲೇ ಊಹಿಸಿರುವುದಿಲ್ಲ.

ಆದ್ದರಿಂದ ಸರ್ಕಾರ ಮೂರು ಕೆಲಸ ಮಾಡಬೇಕು. ಒಂದು, ಮೆಟ್ರೊ ಎರಡೂ ಹಂತಗಳ ಯಂತ್ರಗಳು ದಾಖಲಿಸಿರುವ ಟಾರ್ಕ್, ಒತ್ತುಬಲ, ಸುತ್ತಿನ ವೇಗ, ತಟ್ಟೆ ಬದಲಾವಣೆಗಳ ವಿವರವನ್ನು ಒಂದೆಡೆ ಕಲೆಹಾಕಿ ಪ್ರಕಟಿಸಬೇಕು. ಯಂತ್ರಗಳು ಇವನ್ನು ತಾವಾಗಿಯೇ ದಾಖಲಿಸುತ್ತವೆ. ಮೀಟರ್ ಮೀಟರಿನ ಈ ದಾಖಲೆಗಿಂತ ಉತ್ತಮವಾದ ಬೆಂಗಳೂರಿನ ಭೂಗರ್ಭ ನಕ್ಷೆ ಬೇರೊಂದಿಲ್ಲ, ಅದಕ್ಕೆ ನಾಡಿನ ಜನ ಆಗಲೇ ಹಣ ತೆತ್ತಿದ್ದಾರೆ. ಎರಡು, ಟೆಂಡರಿಗೆ ಮುನ್ನ ಸಾಕಷ್ಟು ಕೊಳವೆ ಕೊರೆದು ನೆಲ ಪರೀಕ್ಷಿಸಿ, ಆ ವರದಿಯನ್ನು ಕರಾರಿನ ಅಂಗವಾಗಿಸಬೇಕು. ಅಂದಾಜುಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಭೂಪರೀಕ್ಷೆಯ ಬಾಬಿಗೆ ಎಂಬ ರೂಢಿ ನಿಲ್ಲಬೇಕು. ಮೂರು, ಪರಿಶೀಲನಾ ಸಭೆಯ ನಮೂನೆಯಲ್ಲಿ ‘ಇಂದಿನ ಮೀಟರ್’ ಎಂಬ ಅಂಕಣದ ಪಕ್ಕದಲ್ಲಿ ಟಾರ್ಕ್‌ನ ಏರಿಳಿತ, ಯೋಜಿತ ನಿಲುಗಡೆ, ಅನಿರೀಕ್ಷಿತ ನಿಲುಗಡೆ ಎಂಬ ಮೂರು ಅಂಕಣಗಳನ್ನು ಸೇರಿಸಬೇಕು. ತಟ್ಟೆ ಬದಲಾಯಿಸಲು ಯಂತ್ರ ನಿಲ್ಲಿಸಿದ ಚಾಲಕನಿಂದ ವಿವರಣೆ ಕೇಳುವ ಬದಲು, ನಿಲ್ಲಿಸದೆ ಓಡಿಸಿದವನಿಂದ ಕೇಳುವ ಪದ್ಧತಿ ಬರಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಇಲಾಖೆ ಬೇಡ. ಒಂದು ಸುತ್ತೋಲೆ ಸಾಕು.